ಕರಿಬಸಪ್ಪನ ಎರಡೂವರೆ ರೂಪಾಯಿ ನೋಟು

ಸುಶೀಲವ್ವ ತನ್ನ ಮಾವನ ಹಳೆಯ ಕರೀ ಕೋಟಿಗೆ ಕತ್ತರಿ ಹಾಕಿದ್ದು ಕೌದಿ ಹೊಲಿಯುವುದಕ್ಕೇ ಹೊರತು ಹಾನಗಲ್ಲ ಪೇಟೆಯನ್ನು ಎಬ್ಬಿಸಿ ಕುಣಿಸುವುದಕ್ಕಲ್ಲ. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಆ ಕೋಟು ಒಳಮನೆಯ ಗೂಟಕ್ಕೆ ತೂಗುಬಿದ್ದು, ಅರೆಗತ್ತಲೆಯಲ್ಲಿ ಮನೆಗೆ ಬಂದ ಎಷ್ಟೋ ಜನ ಹಿರಿಯರೆಂದು ತಿಳಿದು ಅದಕ್ಕೆ ಶರಣು ಮಾಡಿ ಹೋಗಿದ್ದರು. ಆ ದಿನ ಅಸ್ತರು ಕೀಳುವಾಗ ನಾಲ್ಕು ಮಡಿಕೆಯ ಕಾಗದವೊಂದು ಅವಳ ಮಡಿಲಿಗೆ ಬಿತ್ತು. ಬಿಚ್ಚಿದರೆ ನೋಟು. ಬಾದಶಹನ ಮುಖವೇನೋ ಸರಿಯಾಗಿತ್ತು. ಬೆಲೆ ಮಾತ್ರ ವಿಚಿತ್ರ: ಎರಡು ರೂಪಾಯಿ ಎಂಟಾಣೆ.

"ಇದೆಂಥಾ ನೋಟರಿ? ಎರಡೂವರಿ ರೂಪಾಯಿದು ಯಾರರ ಮಾಡ್ತಾರೇನ್ರಿ?" ಎಂದು ಗಂಡನನ್ನು ಕೇಳಿದಳು.

ಗಂಡ ಕರಿಬಸಪ್ಪ, ಚನ್ನವೀರಪ್ಪನವರ ಭತ್ತದ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ತಕ್ಕಡಿ ಹಿಡಿಯುವವನು. ಅವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇರಲಿಲ್ಲ. ಗೊತ್ತಿದ್ದದ್ದು ಸರಿ ಇರುತ್ತಿರಲಿಲ್ಲ, ಅಷ್ಟೇ. ಆದರೆ ಈ ಸಲ ಸರಿಯಾಗಿಯೇ ಹೇಳಿದ.

"ಹಿಂದಿನ ಯುದ್ಧದಾಗ ಬೆಳ್ಳಿ ಕಮ್ಮಿ ಬಿದ್ದಿತ್ತು. ಆವಾಗ ಸರಕಾರ ಇಂಥಾ ನೋಟು ಮಾಡಿತ್ತು. ಆಮ್ಯಾಲ ಬಂದ್ ಮಾಡ್ತು. ಅಪ್ಪ ಹೇಳತಿದ್ದ."

ಅದು ಇಸವಿ ಸಾವಿರದ ಒಂಬೈನೂರ ನಲವತ್ತೊಂದು. ಇನ್ನೊಂದು ಯುದ್ಧ ನಡೆದಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸುದ್ದಿ ಮಾತ್ರ ಬೇಕಾದಷ್ಟು ಸಿಗುತ್ತಿತ್ತು. ಕರಿಬಸಪ್ಪ ಬೆಲ್ಲ ತರೋಣವೆಂದು ಆ ನೋಟು ಹಿಡಿದು ಕಿರಾಣಿ ಅಂಗಡಿಗೆ ಹೋದ. ಅಂಗಡಿಯವನು ಅದನ್ನು ಮುಂದೆ ನೋಡಿದ, ಹಿಂದೆ ನೋಡಿದ, ಕರಿಬಸಪ್ಪನ ಮುಖವನ್ನೂ ನೋಡಿದ.

"ಎರಡೂವರಿ ರೂಪಾಯಿ ನೋಟಾ? ಹಂಗಾರ ನಿನಗ ಚಿಲ್ಲರದಾಗ ಒಂದೂಮುಕ್ಕಾಲು ರೂಪಾಯಿ ನೋಟು ಕೊಡ್ಲೇನು?"

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಕರಿಬಸಪ್ಪನಿಗೆ ಬೆಲ್ಲ ಸಿಗದಿದ್ದದ್ದಕ್ಕಿಂತ ಈ ನಗುವೇ ಹೆಚ್ಚು ಉರಿಯಿತು. ಆ ಉರಿಯನ್ನು ಆರಿಸಿಕೊಳ್ಳಲು ಗುತ್ತೆವ್ವನ ಮಿರ್ಚಿ ಭಜಿ ಅಂಗಡಿಗೆ ಹೋಗಿ ಒಂದಾಣೆಯ ಮಿರ್ಚಿ ತೆಗೆದುಕೊಂಡ. ಗುತ್ತೆವ್ವ ಹಳೆಯ ಪತ್ರಿಕೆಯನ್ನು ಹರಿದು ಕಟ್ಟಿಕೊಟ್ಟಳು. ಮಿರ್ಚಿ ಮುಗಿಯಿತು. ಕೆಳಗೆ ಎಣ್ಣೆಯಲ್ಲಿ ತೊಯ್ದ ಅಕ್ಷರಗಳು ಕಂಡವು. ಕರಿಬಸಪ್ಪ ಓದಿದ. ಮತ್ತೆ ಓದಿದ. ಬಾಯಲ್ಲಿದ್ದ ಮಿರ್ಚಿಯ ತೊಟ್ಟು ಕೆಳಗೆ ಬಿತ್ತು.

"ಮುಂಬಯಿ. ಅಪರೂಪದ ಎರಡೂವರೆ ರೂಪಾಯಿ ನೋಟಿನ ಹರಾಜು ನಿನ್ನೆ ಇಲ್ಲಿ ಜರುಗಿತು. ಮೂರು ಸಾವಿರ"

ಅಲ್ಲಿಗೆ ಕಾಗದ ಹರಿದಿತ್ತು.

"ಗುತ್ತೆವ್ವಾ! ಇದರ ಉಳದರ್ಧ ಎಲ್ಲೈತಿ?"

"ಉಳದರ್ಧದಾಗ ಈಗಷ್ಟ ಯಾರಿಗೋ ಮಿರ್ಚಿ ಕಟ್ಟಿ ಕೊಟ್ಟೇನಪಾ. ತಿಂದು ಅಲ್ಲೇ ಒಗದು ಹ್ವಾದ್ರು."

ಮಿರ್ಚಿಗೆ ನಿಂತಿದ್ದ ನಾವೆಲ್ಲ ಅಂಗಡಿಯ ಹಿಂದಕ್ಕೆ ಓಡಿದೆವು. ಅಲ್ಲಿ ಒಂದು ಆಡು ನಿಂತಿತ್ತು. ಎಣ್ಣೆ ಹತ್ತಿದ ಕಾಗದದ ಕೊನೆಯ ಅಂಚು ಅದರ ಬಾಯೊಳಗೆ ಹೋಗುತ್ತಿದ್ದುದನ್ನು ನಾವು ಏಳೆಂಟು ಜನ ಕಣ್ಣಾರೆ ಕಂಡೆವು. ಆಡು ಏನೂ ಹೇಳಲಿಲ್ಲ.

ಹೇಳಬೇಕಾದ ಅಗತ್ಯವೂ ಇರಲಿಲ್ಲ. ಮೂರು ಸಾವಿರದ ಮುಂದೆ ರೂಪಾಯಿ ಎಂಬ ಶಬ್ದ ಬಿಟ್ಟು ಬೇರೇನು ಇದ್ದೀತು? ಆ ಕಾಲಕ್ಕೆ ಮೂರು ಸಾವಿರವೆಂದರೆ ಹತ್ತು ಎಕರೆ ಗದ್ದೆ, ಎರಡು ಜೋಡಿ ಎತ್ತು, ಮಾಳಿಗೆಯ ಮನೆ, ಮತ್ತು ಕಿರಾಣಿ ಅಂಗಡಿಯವನ ಮುಂದೆ ಕೆಮ್ಮುತ್ತ ಹಾದುಹೋಗುವ ಹಕ್ಕು. ಹೊತ್ತು ಮುಳುಗುವುದರೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಕಿರಾಣಿ ಅಂಗಡಿಯವನು ತಾನೇ ಎರಡು ಸೇರು ಬೆಲ್ಲ ಹೊತ್ತು ಮನೆಗೆ ಬಂದು, "ಚಿಲ್ಲರ ನಿಧಾನಕ ಕೊಡ್ರಿ, ಕರಿಬಸಪ್ಪನವರ" ಎಂದ. ನಿನ್ನೆಯವರೆಗೆ ಅವನು ಬರೀ ಕರಿಬಸ್ಯಾ ಆಗಿದ್ದ.

ಮರುದಿನ ಮುಂಜಾನೆ ಕರಿಬಸಪ್ಪ ಅಂಗಡಿಗೆ ಅರ್ಧ ತಾಸು ತಡವಾಗಿ ಹೋದ. ಹನ್ನೆರಡು ವರ್ಷದಲ್ಲಿ ಅದು ಮೊದಲನೆಯ ಸಲ. ಚನ್ನವೀರಪ್ಪನವರು ಗಾದಿಯ ಮೇಲೆ ಕುಳಿತು, ಸುದ್ದಿ ಇನ್ನೂ ಮುಟ್ಟದ ಏಕೈಕ ಮನುಷ್ಯರಾಗಿ, "ಏನೋ ಬಸ್ಯಾ, ಬಿಸಲ ಏರಿದ ಮ್ಯಾಲ ಬರಾಕತ್ತಿ? ನಿಮ್ಮಪ್ಪನ ಪ್ಯಾಟಿ ಏನಿದು?" ಎಂದರು.

ಕರಿಬಸಪ್ಪ ತಕ್ಕಡಿಯ ಕೋಲನ್ನು ಎತ್ತಿ, ತಿಳವಳ್ಳಿಯಿಂದ ಭತ್ತ ತಂದಿದ್ದ ಇಪ್ಪತ್ತು ಜನರ ಎದುರಿಗೆ, ಧಣಿಗಳ ಮಡಿಲಲ್ಲಿ ಇಟ್ಟ.

"ನಿಮ್ಮ ತಕ್ಕಡಿ ಇನ್ನ ಮ್ಯಾಲ ನೀವ ಹಿಡೀರಿ. ಕೈ ಎಷ್ಟು ನೋಯತಾವು ಗೊತ್ತಾಗತೈತಿ."

ಈ ಮಾತನ್ನು ಅವನು ಹನ್ನೆರಡು ವರ್ಷದಿಂದ ಮನಸ್ಸಿನಲ್ಲಿ ಕಟ್ಟಿ ಇಟ್ಟಿದ್ದ. ಆದ್ದರಿಂದ ಬಹಳ ಚೆನ್ನಾಗಿ ಬಂತು.

ಅದೇ ಮಧ್ಯಾಹ್ನ ಸುಶೀಲವ್ವನ ತಮ್ಮ ಲಕ್ಷ್ಮಪ್ಪ ತಿಳವಳ್ಳಿಯಿಂದ ಕೈಯಲ್ಲಿ ಬಡಿಗೆ ಹಿಡಿದು ಬಂದಿಳಿದ. ಅವನು ಮಾತಿಗೆ ಮಾತು ಕೂಡಿಸುವುದರಲ್ಲಿ ಗಟ್ಟಿಗ. ಯಾವ ಸುದ್ದಿಯೂ ಅವನ ಕಿವಿಯೊಳಗೆ ಹೋದಷ್ಟೇ ಗಾತ್ರದಲ್ಲಿ ಬಾಯಿಂದ ಹೊರಗೆ ಬರುತ್ತಿರಲಿಲ್ಲ.

"ಮಾವಾ, ನೋಟು ಎಲ್ಲಿ ಇಟ್ಟೀರಿ? ಹೇಳಬ್ಯಾಡ್ರಿ! ನನಗೂ ಹೇಳಬ್ಯಾಡ್ರಿ! ನಾ ಬಾಗಲದಾಗ ಕುಂಡ್ರತೇನಿ. ನನ್ನ ದಾಟಿ ಒಂದು ಇರಿವಿ ಒಳಗ ಹೋಗಬಾರದು."

ಅವನು ಬಾಗಿಲಲ್ಲಿ ಕುಳಿತದ್ದರಿಂದ, ಮನೆಯೊಳಗೆ ಏನೋ ಇದೆಯೆಂಬುದು ಗೊತ್ತಿಲ್ಲದವರಿಗೂ ಗೊತ್ತಾಯಿತು. ಜನ ಸಾಲುಗಟ್ಟಿದರು. ಸುಶೀಲವ್ವ ನೋಟನ್ನು ತಟ್ಟೆಯಲ್ಲಿಟ್ಟು ತೋರಿಸುವಳು, ಜನ ಕೈಮುಗಿಯುವರು. ಒಬ್ಬ ಮುದುಕಿ ಅದರ ಮೇಲೆ ಒಂದು ಚಿಟಿಕೆ ಅರಿಸಿನದ ಭಂಡಾರವನ್ನೂ ಹಾಕಿದಳು.

ಮೂರನೆಯ ದಿನ ಹಂಸಭಾವಿಯಿಂದ ಒಬ್ಬ ವ್ಯಾಪಾರಿ ಬಂದ. ಹೆಸರು ಉಳವಪ್ಪ. ಹಳೆಯ ನಾಣ್ಯ, ನೋಟು, ಹಿತ್ತಾಳೆಯ ದೀಪ ಇಂಥವನ್ನು ಕೊಂಡು ಹುಬ್ಬಳ್ಳಿಗೆ ಒಯ್ದು ಮಾರುವವನು. ನೋಟನ್ನು ಬೆಳಕಿಗೆ ಹಿಡಿದು ನೋಡಿ, ಸಾವಕಾಶವಾಗಿ ಹೇಳಿದ:

"ಹದಿನೈದು ರೂಪಾಯಿ ಕೊಡತೇನಿ."

ಕರಿಬಸಪ್ಪ ನಕ್ಕ. ಲಕ್ಷ್ಮಪ್ಪ ನಕ್ಕ. ಸಾಲಿನಲ್ಲಿ ನಿಂತವರೂ ನಕ್ಕರು.

"ನಗಬ್ಯಾಡ್ರಿ. ನಮ್ಮ ಗಿರಾಕಿ ಒಬ್ಬರು ಹಟ ಹಿಡದಾರ ಅಂತ ಈ ಬೆಲಿ. ಹೋಗಲಿ, ಇಪ್ಪತ್ತು ತಗೋರಿ. ಇದಕ್ಕಿಂತ ಹೆಚ್ಚು ಯಾರೂ ಕೊಡಾಂಗಿಲ್ಲ."

"ಇಪ್ಪತ್ತು!" ಲಕ್ಷ್ಮಪ್ಪ ಬಡಿಗೆ ಎತ್ತಿದ. "ನಮ್ಮ ಮಾವನ ಮನಿಗೆ ಬಂದು ಇಪ್ಪತ್ತು ಅಂತೀ? ಹಂಸಭಾವಿ ದಾರಿ ಕಾಣತೈತೋ ಇಲ್ಲೋ?"

ಉಳವಪ್ಪನಿಗೆ ದಾರಿ ಚೆನ್ನಾಗಿ ಕಂಡಿತು. ಅವನ ಒಂದು ಚಪ್ಪಲಿ ನಮ್ಮ ಓಣಿಯಲ್ಲೇ ಉಳಿಯಿತು. ಅವನು ಹಿರೇಕೆರೂರಿನ ಮೋಟಾರಿನಲ್ಲಿ ಕುಳಿತು ನಡೆದದ್ದನ್ನು ಹೇಳಿಕೊಂಡನಂತೆ. ಕೇಳಿದವರು, ಇಪ್ಪತ್ತಕ್ಕೆ ಹೊಡೆದು ಓಡಿಸಬೇಕಾದರೆ ಅದರ ಬೆಲೆ ಐದು ಸಾವಿರಕ್ಕೆ ಕಡಿಮೆ ಇರಲಾರದು ಎಂದು ತೀರ್ಮಾನ ಮಾಡಿದರು.

ಆದರೆ ಮೂರು ಸಾವಿರ ಕೊಡುವವರು ಎಲ್ಲಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮೋಟಾರಿನ ಡ್ರೈವರನೇ ಹೇಳಿದ: ಸವಣೂರಿನಲ್ಲಿ ನಿಯಾಜ ಸಾಹೇಬರೆಂದು ಒಬ್ಬರಿದ್ದಾರೆ, ಮೂವತ್ತು ವರ್ಷ ಮುಂಬಯಿಯಲ್ಲಿ ಹಡಗಿನ ಕಂಪನಿಯ ಗುಮಾಸ್ತರಾಗಿದ್ದವರು, ದೇಶದೇಶದ ನೋಟು ಕೂಡಿಸುತ್ತಾರೆ, ಅವರಿಗೆ ಗೊತ್ತಿಲ್ಲದ ನೋಟಿಲ್ಲ.

ಹೊರಡುವ ಹಿಂದಿನ ದಿನ ಸುಶೀಲವ್ವ ಆ ನೋಟನ್ನು ಕೈಗೆ ತೆಗೆದುಕೊಂಡು ನೋಡಿದಳು. ಮಾವನ ಎಷ್ಟೋ ವರ್ಷದ ಬೆವರು, ಮೇಲೆ ಆ ಮುದುಕಿಯ ಭಂಡಾರ, ಲಕ್ಷ್ಮಪ್ಪನ ಹೆಬ್ಬೆರಳಿನ ಎಣ್ಣೆ. ಮುಂಬಯಿ ಕಂಡ ಸಾಹೇಬರ ಮುಂದೆ ಇಂಥ ಹೊಲಸು ನೋಟು ಇಡುವುದೇ? ಊರು ನಗುವುದಿಲ್ಲವೇ? ಗಂಡ ಹೊರಗೆ ಹೋಗಿದ್ದ. ಅವಳು ಅಂಟವಾಳಕಾಯಿ ನೆನೆಹಾಕಿ, ನೊರೆ ಬರಿಸಿ, ನೋಟನ್ನು ಅದರಲ್ಲಿ ಅದ್ದಿ, ಬೆರಳ ತುದಿಯಿಂದ ಹಗುರಾಗಿ ಉಜ್ಜಿ ತೊಳೆದಳು. ಅನ್ನದ ಗಂಜಿ ಹಾಕಿದಳು. ತಾಮ್ರದ ಚೊಂಬಿನಲ್ಲಿ ಕೆಂಡ ತುಂಬಿ ಮಡಿಕೆ ಹೋಗುವಂತೆ ಇಸ್ತ್ರಿ ಮಾಡಿದಳು. ಮೂಲೆಯಲ್ಲಿ ಒಂದಿಷ್ಟು ಹರಿದಿತ್ತು, ಅದಕ್ಕೆ ಮೈದಾ ಅಂಟು ಹಚ್ಚಿದಳು. ಮದುವೆಗೆ ಹೊರಟ ಮದುಮಗನ ಹಾಗೆ ಆಯಿತು ನೋಟು.

ಗಂಡ ಬಂದು ನೋಡಿ ಬೆರಗಾದ. "ಏ, ನೋಡ! ಬೆಲಿ ಗೊತ್ತಾದ ಕೂಡ್ಲೆ ನೋಟಿಗೂ ಮುಖದಾಗ ಕಳಾ ಬಂತು!"

ಸುಶೀಲವ್ವ ಸೆರಗಿನಲ್ಲಿ ನಕ್ಕಳು, ಹೇಳಲಿಲ್ಲ. ಮೂರು ಸಾವಿರ ಕೈಗೆ ಬಂದ ಮೇಲೆ ಹೇಳಿದರೆ ಗಂಡ ಇನ್ನೂ ಹೆಚ್ಚು ಹಿಗ್ಗುತ್ತಾನೆಂದು ಅವಳ ಎಣಿಕೆ.

ಮರುದಿನ ಮೋಟಾರಿನ ಹತ್ತಿರ ಊರೇ ನೆರೆದಿತ್ತು. ಡ್ರೈವರ ತನ್ನ ಪಕ್ಕದ ಸೀಟು ಬಿಟ್ಟುಕೊಟ್ಟ. ಶಿಗ್ಗಾಂವಿಯಲ್ಲಿ ಇಳಿದು ಸವಣೂರಿನ ಮೋಟಾರು ಹಿಡಿಯಬೇಕು. ಅಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಆದರೆ ಲಕ್ಷ್ಮಪ್ಪ, "ಸರಿರಿ, ಸರಿರಿ, ಹತ್ತರ ಬರಬ್ಯಾಡ್ರಿ, ಇವರ ಕಿಸೇದಾಗ ಏನೂ ಇಲ್ಲ!" ಎಂದು ಬಡಿಗೆ ಬೀಸುತ್ತ ನಡೆದದ್ದರಿಂದ ಅಲ್ಲಿಯೂ ಜನ ಬೆನ್ನು ಹತ್ತಿದರು. ಸವಣೂರು ಮುಟ್ಟುವಷ್ಟರಲ್ಲಿ ಲಕ್ಷ್ಮಪ್ಪನಿಗೆ ಹಸಿವೆಯಾಗಿ, ಅಲ್ಲಿಯ ಹೆಸರಾದ ಖಾರವೆಂಬ ಕುರುಕು ತಿಂಡಿಯನ್ನು ಅರ್ಧ ಸೇರು ಒಬ್ಬನೇ ತಿಂದ.

ನಿಯಾಜ ಸಾಹೇಬರ ಮನೆ ಎಲೆಬಳ್ಳಿಯ ತೋಟದ ಪಕ್ಕದಲ್ಲಿತ್ತು. ಬಿಳಿಯ ಗಡ್ಡ, ದಪ್ಪ ಕನ್ನಡಕ, ಮೃದುವಾದ ಮಾತು. ಒಳಕೋಣೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕಗಳ ಹಾಗೆ ಜೋಡಿಸಿದ ನೋಟಿನ ಕಟ್ಟುಗಳು. ಅವರ ಹೆಂಡತಿ ಚಾಂದಬಿ ಚಹಾ ತಂದಿಟ್ಟು, "ಮನಿ ಖರ್ಚಿಗೆ ಒಂದು ನೋಟು ಕೇಳಿದರ ಇಲ್ಲ ಅಂತಾರ. ಇಲ್ಲಿ ನೋಡ್ರಿ, ಕೋಣೀ ತುಂಬ ನೋಟು!" ಎಂದು ಹೇಳಿ ಹೋದಳು. ಅಷ್ಟರಲ್ಲಿ ಲಕ್ಷ್ಮಪ್ಪನ ಬಾಯಲ್ಲಿ ಖಾರ ಹೊತ್ತಿಕೊಂಡು, ಅವನು ಬಡಿಗೆಯನ್ನು ಬಿಟ್ಟು ಹಿತ್ತಲ ಬಾವಿಯ ಕಡೆಗೆ ಓಡಿದ. ಮುಂದಿನ ಮಾತುಕತೆಗೆ ಅವನು ಸಾಕ್ಷಿಯಾಗಲಿಲ್ಲ. ಅನರ್ಥಕ್ಕೆಲ್ಲ ಇದೇ ಕಾರಣ.

ಕರಿಬಸಪ್ಪ ಎಣ್ಣೆಯ ಕಾಗದದ ಚೂರನ್ನೂ ನೋಟನ್ನೂ ಮುಂದಿಟ್ಟ. ಸಾಹೇಬರು ಮೊದಲು ಚೂರನ್ನು ಓದಿದರು. ಎದ್ದು ಹೋಗಿ ಕಪಾಟಿನಿಂದ ಒಂದು ಪತ್ರಿಕೆ ತಂದರು. ಅದೇ ಪತ್ರಿಕೆ, ಇಡಿಯಾಗಿ.

"ಇದನ್ನ ನಾನೂ ಇಟ್ಟೇನಿ, ಭಾಯಿ. ಪೂರಾ ಓದ್ರಿ."

ಕರಿಬಸಪ್ಪ ಓದಿದ. "ಮೂರು ಸಾವಿರ ಜನರು ನೆರೆಯಬಹುದೆಂದು ಎಣಿಸಲಾಗಿತ್ತು. ಹದಿನೇಳು ಜನರು ಮಾತ್ರ ಬಂದಿದ್ದರು. ನೋಟು ಹನ್ನೊಂದು ರೂಪಾಯಿಗೆ ಹೋಯಿತು."

ಅವನು ಚಹಾದ ಬಟ್ಟಲನ್ನು ಬಸಿಯ ಮೇಲಿಟ್ಟು, ಆ ಸಾಲನ್ನು ಬೆರಳಿಟ್ಟು ಮತ್ತೆ ಓದಿದ.

"ಹನ್ನೊಂದಾ?"

"ಹನ್ನೊಂದು. ನೋಡ್ರಿ, ಬೆಲಿ ಹೆಂಗ ತಿಳಕೋಬೇಕು ಹೇಳತೇನಿ. ಮಾರಾಂವ ಸಾವಿರ ಅನ್ನಲಿ, ಹತ್ತು ಸಾವಿರ ಅನ್ನಲಿ, ಅದು ಬೆಲಿ ಅಲ್ಲ. ಖರೇನ ಯಾರೋ ಒಬ್ಬ ಕಿಸೇದಾಗ ಕೈ ಹಾಕಿ ಎಷ್ಟು ತಗದುಕೊಟ್ಟ, ಅದು ಬೆಲಿ. ನಾನು ಅಂಥಾವನ್ನಷ್ಟ ಬರದು ಇಡತೇನಿ. ಇಂಥಾ ನೋಟು ಈ ಐದು ವರ್ಷದಾಗ ಏಳು ಮಾರ್ಯಾವು. ಒಂಬತ್ತು, ಹನ್ನೊಂದು, ಎಂಟು, ಹಿಂಗ. ಹೊರಡಿಸಿದ ಊರಿನ ಅಕ್ಷರ ನೋಟಿನ ಮ್ಯಾಲ ಇರತೈತಿ. ರಂಗೂನಿನ ಅಕ್ಷರ ಇದ್ದದ್ದು ಒಂದು ಮಾತ್ರ ಐವತ್ತಕ್ಕ ಹೋಗೇತಿ. ನಿಮ್ಮದು ಮುಂಬಯಿದು, ಅದು ಬಹಳ ಸಿಗತೈತಿ. ಆಮ್ಯಾಲ ನೋಟು ಯಾವ ಸ್ಥಿತಿಯೊಳಗ ಐತಿ ಅನ್ನೂದು."

ಇಷ್ಟು ಹೇಳಿ ಅವರು ಭೂತಗನ್ನಡಿ ಹಿಡಿದು ನೋಟಿನ ಮೇಲೆ ಬಗ್ಗಿದರು. ಮೂಗಿನ ಹತ್ತಿರ ತಂದರು. ಮೂಸಿದರು. ಅವರ ಮುಖ, ಮನೆಯಲ್ಲಿ ಸಾವಾದವರ ಮುಖದ ಹಾಗೆ ಆಯಿತು.

"ಯಾ ಅಲ್ಲಾ! ಇದನ್ನ ಯಾರು ತೊಳದಾರ?"

"ತೊಳದಾರಾ?"

"ತೊಳದಾರ, ಗಂಜಿ ಹಾಕ್ಯಾರ, ಇಸ್ತ್ರಿ ಮಾಡ್ಯಾರ, ಮೂಲಿಗೆ ಅಂಟು ಹಚ್ಚ್ಯಾರ. ಬಣ್ಣ ಹೋತು, ಕಾಗದದ ಜೀವ ಹೋತು. ಹಳೇ ನೋಟು ಹೊಲಸ ಇದ್ದರೂ ನಡೀತೈತಿ, ಭಾಯಿ, ತೊಳೀಬಾರದು!"

ಕರಿಬಸಪ್ಪನೂ ನೋಟನ್ನು ಮೂಸಿದ. ಪ್ರತಿ ಸೋಮವಾರ ತಾನು ಉಡುವ ಧೋತರದ ವಾಸನೆ ಅದರಿಂದ ಬಂತು. ಎಲ್ಲವೂ ತಿಳಿಯಿತು. ಅವನು ನೋಟನ್ನು ಕೆಳಗಿಟ್ಟು, "ಮಳಿ ನೀರು ಬಿದ್ದಿರಬೇಕ್ರಿ, ಕೋಟಿನ ಮ್ಯಾಲ" ಎಂದ. ಸಾಹೇಬರು ಅಂಟವಾಳದ ಮಳೆ ಎಲ್ಲಿ ಬಿದ್ದೀತೆಂದು ಕೇಳಲಿಲ್ಲ. ಮದುವೆಯಾದ ಮನುಷ್ಯರು.

"ಈಗ ನಾಲ್ಕು ರೂಪಾಯಿ. ಅದೂ ನನ್ನ ಹತ್ತರ ಇಂಥಾ ನಂಬರಿಂದು ಇಲ್ಲ ಅಂತ. ಮನಸಿದ್ದರ ಕೊಡ್ರಿ, ಇಲ್ಲಂದ್ರ ಇಟಕೋರಿ."

ಮೂರು ಸಾವಿರದಿಂದ ನಾಲ್ಕಕ್ಕೆ ಇಳಿಯಲು ಒಂದು ಬಟ್ಟಲು ಚಹಾ ಕುಡಿಯುವಷ್ಟೇ ಹೊತ್ತು ಹಿಡಿದಿತ್ತು. ಹಂಸಭಾವಿಯ ಉಳವಪ್ಪನ ಇಪ್ಪತ್ತು ರೂಪಾಯಿ ಕರಿಬಸಪ್ಪನ ಕಣ್ಣ ಮುಂದೆ ಒಂದೇ ಚಪ್ಪಲಿ ಹಾಕಿಕೊಂಡು ಕುಂಟುತ್ತ ಹಾದುಹೋಯಿತು. ಅವನು ನೋಟು ಕೊಟ್ಟು ನಾಲ್ಕು ರೂಪಾಯಿ ತೆಗೆದುಕೊಂಡ.

ಬಾವಿಯಿಂದ ಬಂದ ಲಕ್ಷ್ಮಪ್ಪ ಹೊರಗೆ ಕಾದಿದ್ದ. ಕಣ್ಣು ಕೆಂಪಗಿತ್ತು, ನಾಲಿಗೆ ಇನ್ನೂ ಹೊರಗಿತ್ತು. "ಎಷ್ಟು ಬಂತ್ರಿ ಮಾವಾ?"

"ನಾಲ್ಕು" ಎಂದ ಕರಿಬಸಪ್ಪ.

"ನಾಲ್ಕು!" ಲಕ್ಷ್ಮಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಮೂರಕ್ಕ ಬಂದು ನಾಲ್ಕು!"

ಆಮೇಲೆ ದಾರಿಯುದ್ದಕ್ಕೂ ಕರಿಬಸಪ್ಪ ಬಾಯಿ ಬಿಡಲಿಲ್ಲ. ನಾಲ್ಕು ಸಾವಿರ ಸಿಕ್ಕವನು ಹೀಗೆಯೇ ಗಂಭೀರವಾಗಿರುತ್ತಾನೆಂದು ಲಕ್ಷ್ಮಪ್ಪ ಶಿಗ್ಗಾಂವಿಯಲ್ಲಿ ಎಲ್ಲರಿಗೂ ವಿವರಿಸಿದ.

ಹಾನಗಲ್ಲಿನಲ್ಲಿ ಮೋಟಾರು ನಿಲ್ಲುವ ಮೊದಲೇ ಹಾರ ಬಂದು ಕರಿಬಸಪ್ಪನ ಕೊರಳಿಗೆ ಬಿತ್ತು. ಕಿಟಕಿಯಿಂದ ಹಾಕಿದ್ದರು. "ನಾಲ್ಕು ಸಾವಿರ!" ಎಂದು ಲಕ್ಷ್ಮಪ್ಪ ಮೋಟಾರಿನ ಮೆಟ್ಟಿಲ ಮೇಲೆ ನಿಂತು ಕೂಗಿದ.

"ಸಾವಿರ ಅಲ್ರೆಪ್ಪಾ, ನಾಲ್ಕು ರೂಪಾಯಿ!" ಎಂದು ಕರಿಬಸಪ್ಪ ಅದಕ್ಕಿಂತ ಜೋರಾಗಿ ಕೂಗಿದ. "ನಾಲ್ಕ ನಾಲ್ಕು ರೂಪಾಯಿ! ಇಕ್ಕೊ ನೋಡ್ರಿ!" ಎಂದು ಕಿಸೆಯಿಂದ ತೆಗೆದು ತೋರಿಸಿದ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಂಥ ಶಾಣ್ಯಾ ಮನುಷ್ಯ! ತೋರಿಸಲಿಕ್ಕೆಂದೇ ನಾಲ್ಕು ರೂಪಾಯಿ ಬೇರೆ ಇಟ್ಟುಕೊಂಡು ಬಂದಿದ್ದಾನೆ! ಕಿರಾಣಿ ಅಂಗಡಿಯವನು ಕಿವಿಯಲ್ಲಿ, "ಬರೋಬರಿ ಮಾಡೀರಿ. ಹಿಂಗ ಹೇಳಬೇಕು. ಕಾಲ ಕೆಟ್ಟೈತಿ" ಎಂದ. ಕರಿಬಸಪ್ಪ ಲಿಂಗ ಮುಟ್ಟಿ ಆಣೆ ಮಾಡಿದ. ಅದನ್ನು ಕಂಡ ಮೇಲಂತೂ, ಇಷ್ಟು ದೊಡ್ಡ ಆಣೆ ಮಾಡಬೇಕಾದರೆ ಆರು ಸಾವಿರಕ್ಕೆ ಕಡಿಮೆ ಇಲ್ಲ ಎಂದು ಮೂರು ಜನ ಪಂದ್ಯ ಕಟ್ಟಿದರು.

ಮನೆಯಲ್ಲಿ ಸುಶೀಲವ್ವನಿಗೆ ಅವನು ನಿಜ ಹೇಳಿದ: ಹನ್ನೊಂದರದ್ದು, ಹಳೆಯದಾಗಿತ್ತು, ನಾಲ್ಕು ಬಂತು. ತೊಳೆದ ಮಾತು ಎತ್ತಲಿಲ್ಲ. ಅವಳು ನಂಬಿದಳು. "ಹೋಗಲಿ ಬಿಡ್ರಿ, ಕೌದಿಗೆ ಅರಿವಿ ತರಾಕ ಆತು" ಎಂದಳು. ಆದರೆ ಕೆಲಸವಿಲ್ಲದ ಗಂಡನ ಮುಖ ನೋಡಿ ಅವಳ ಊಟ ಅರ್ಧಕ್ಕೆ ನಿಂತಿತು.

ಅದೂ ಹೇಗೋ ನಡೆಯುತ್ತಿತ್ತು. ಆದರೆ ನಾಲ್ಕನೆಯ ದಿನ ಚಾವಡಿಗೆ ಧಾರವಾಡದ ಕಡೆಯಿಂದ ಒಬ್ಬ ಸಾಹೇಬರು ಬಂದರು. ಯುದ್ಧನಿಧಿ ಕೂಡಿಸುವುದು ಅವರ ಕೆಲಸ. ಕೈಯಲ್ಲಿ ಊರ ಉಳ್ಳವರ ಪಟ್ಟಿ. ಹೊಸದಾಗಿ ಬರೆದ ಮೊದಲನೆಯ ಹೆಸರು ಕರಿಬಸಪ್ಪನದು. ಪಾಲು, ಇನ್ನೂರು ರೂಪಾಯಿ.

"ಮನಿ ಮಾರಿದರೂ ಅಷ್ಟು ಬರಾಂಗಿಲ್ಲರೀ ಸಾಹೇಬ್ರ!" ಎಂದ ಕರಿಬಸಪ್ಪ.

"ನಾಲ್ಕು ಸಾವಿರ ಇಟಗೊಂಡು ಹಿಂಗಂತೀ?" ಸಾಹೇಬರ ಮೀಸೆ ಎದ್ದಿತು. "ಮೂರು ದಿನದ ಮುದ್ದತು ಕೊಟ್ಟೇನಿ. ಪುರಾವೆ ತರೂದಿದ್ರ ತಾ. ಇಲ್ಲಾಂದ್ರ ಪೈಸಾ ತಾ."

ಕರಿಬಸಪ್ಪ ಮರುದಿನವೇ ಸವಣೂರಿಗೆ ಹೋಗಿ ನಿಯಾಜ ಸಾಹೇಬರ ಕಾಲು ಹಿಡಿದ. ಮುದುಕರು ನೋಟನ್ನೂ, ಭೂತಗನ್ನಡಿಯನ್ನೂ, ಆ ಪತ್ರಿಕೆಯನ್ನೂ ಚೀಲಕ್ಕೆ ಹಾಕಿಕೊಂಡು, "ಹನ್ನೊಂದು ವರ್ಷದಿಂದ ನನ್ನ ಮಾತು ಕೇಳವರು ಮನ್ಯಾಗ ಒಬ್ಬರೂ ಇರಲಿಲ್ಲ" ಎಂದು ಉತ್ಸಾಹದಿಂದ ಹೊರಟೇಬಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟ್ಟೆಯ ಕೆಳಗೆ ಹೆಂಗಸರು, ಗೋಡೆಯ ಮೇಲೆ ಗಂಡಸರು. ಚನ್ನವೀರಪ್ಪನವರೂ ಬಂದು ಮುಂದೆಯೇ ಕುಳಿತರು. ತಮ್ಮ ತಕ್ಕಡಿಯವನು ಇನ್ನೂರು ರೂಪಾಯಿ ತೆರುವುದನ್ನು ನೋಡುವ ಆಸೆ ಅವರಿಗೆ ಬಹಳವಾಗಿತ್ತು.

ನಿಯಾಜ ಸಾಹೇಬರು ಪತ್ರಿಕೆ ಓದಿದರು. ಹದಿನೇಳು ಜನ, ಹನ್ನೊಂದು ರೂಪಾಯಿ. ಜನ ಗುಜುಗುಜು ಮಾಡಿದರು. ಆದರೆ ಯುದ್ಧನಿಧಿಯ ಸಾಹೇಬರು ಅಷ್ಟಕ್ಕೆಲ್ಲ ಬಗ್ಗುವವರಲ್ಲ.

"ಆತು, ಹನ್ನೊಂದು. ಮತ್ತ ಇಂವಾ ನಾಲ್ಕ ಅಂತಾನಲ್ಲ? ಏಳು ರೂಪಾಯಿ ಎಲ್ಲಿ ಹೋತು? ಏಳು ರೂಪಾಯಿದಾಗ ಸುಳ್ಳು ಹೇಳಾಂವ ಏಳು ಸಾವಿರದಾಗ ಹೇಳೂದಿಲ್ಲೇನು?"

"ನೋಟನ್ನ ತೊಳದಿದ್ರು, ಸಾಹೇಬ" ಎಂದರು ನಿಯಾಜ ಸಾಹೇಬರು. "ಅದಕ್ಕ ಬೆಲಿ ಬಿತ್ತು."

"ತೊಳದಿದ್ರು!" ಸಾಹೇಬರು ನಕ್ಕು ಜನರ ಕಡೆ ತಿರುಗಿದರು. "ಕೇಳ್ರೆಪ್ಪಾ! ನೋಟು ತೊಳದರಂತ! ಯಾವ ಹುಚ್ಚ ತೊಳದಾನ?"

"ನಾನರೀ. ನಾನ ತೊಳದೇನಿ" ಎಂದ ಕರಿಬಸಪ್ಪ.

"ಹೆಂಗ ತೊಳದಿ?"

ಕರಿಬಸಪ್ಪನಿಗೆ ಹೆಂಗೆಂದು ಗೊತ್ತಿದ್ದರೆ ತಾನೆ! "ನೀರಾಗ... ಹಾಕಿ... ತಿರುವಿದೆ" ಎಂದ. ಜನ ಹೋ ಎಂದು ನಕ್ಕರು. ಸಾಹೇಬರು ಲೇಖಣಿ ತೆಗೆದು, "ಸುಳ್ಳು. ಇನ್ನೂರು" ಎಂದು ಬರೆಯಲು ಬಗ್ಗಿದರು.

ಕಟ್ಟೆಯ ಕೆಳಗಿನಿಂದ ಸುಶೀಲವ್ವ ಎದ್ದು ನಿಂತಳು. ಸೆರಗು ತಲೆಯ ಮೇಲಿತ್ತು. ದನಿ ಮಾತ್ರ ಗೋಡೆಯ ಮೇಲೆ ಕುಳಿತವರಿಗೂ ಕೇಳಿಸಿತು.

"ಅವರಿಗೆ ತಮ್ಮ ಅಂಗಿ ತೊಳಕೊಳ್ಳಾಕ ಬರಾಂಗಿಲ್ಲ, ನೋಟು ಏನು ತೊಳೀತಾರ್ರಿ? ತೊಳದಾಕಿ ನಾನು. ಅಂಟವಾಳದಾಗ ನೆನಿಹಾಕಿ, ಗಂಜಿ ಕೊಟ್ಟು, ಚೊಂಬಿಲೇ ಇಸ್ತ್ರಿ ಮಾಡೇನಿ. ಚೊಲೋ ಕಾಣಲಿ ಅಂತ ಮಾಡಿದೆ. ಅದರಿಂದ ಬೆಲಿ ಹೋಗತೈತಿ ಅಂತ ಯಾರು ಹೇಳಿದ್ರು ನನಗ? ಇವರಿಗೆ ಆವತ್ತ ಗೊತ್ತಾಗೇತಿ. ಮನಿಗೆ ಬಂದು ಒಂದು ಮಾತು ಅನಲಿಲ್ಲ. ಈಗ ನನಗ ತಿಳೀತು."

ಕೊನೆಯ ಮಾತಿಗೆ ಅವಳು ಗಂಡನ ಕಡೆ ತಿರುಗಿದಳು. ನಿಯಾಜ ಸಾಹೇಬರು ನೋಟನ್ನು ಸುತ್ತಲೂ ಹಿಡಿದು ಮೂಸಲು ಕೊಟ್ಟರು. ಮೂಸಿದ ಹೆಂಗಸರೆಲ್ಲ, "ಅಂಟವಾಳ ಖರೇ. ಗಂಜೀನೂ ಖರೇ" ಎಂದು ತೀರ್ಪು ಕೊಟ್ಟರು. ಮೂರು ಸಾವಿರದ ನೋಟನ್ನು ತಾನೇ ತೊಳೆದು ಹಾಳುಮಾಡಿದೆನೆಂದು ಯಾವ ಹೆಂಡತಿಯೂ ಊರ ಮುಂದೆ ಸುಳ್ಳು ಹೇಳುವುದಿಲ್ಲವೆಂದು ಗಂಡಸರಿಗೂ ಹೊಳೆಯಿತು.

ಲಕ್ಷ್ಮಪ್ಪ ಮಾತ್ರ, "ಹಂಗಾರ ನಾಲ್ಕು ಅಂದ್ರ ನಾಲ್ಕನ?" ಎಂದು ಎಲ್ಲರನ್ನೂ ಕೇಳುತ್ತಿದ್ದ.

ಚನ್ನವೀರಪ್ಪನವರು ಎದ್ದು ಬಂದು, ಎಲ್ಲರಿಗೂ ಕೇಳುವ ಹಾಗೆ, "ನಾಳಿಂದ ಕೆಲಸಕ್ಕ ಬಾರೋ ಬಸ್ಯಾ. ನೀನು ಹೋದಾಗಿನಿಂದ ನಾ ತಕ್ಕಡಿ ಹಿಡದು ಹೆಗಲು ಬಿದ್ದು ಹೋಗ್ಯಾವು" ಎಂದರು. ಆಮೇಲೆ ಸುಶೀಲವ್ವನ ಕಡೆ ನೋಡಿ, ಏನೆನ್ನಿಸಿತೋ ಏನೋ, "ಬರ್ರಿ ಕರಿಬಸಪ್ಪ" ಎಂದು ತಿದ್ದಿಕೊಂಡರು. ಕರಿಬಸಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನ ತುದಿಯಿಂದ ಕಣ್ಣೊರಸಿಕೊಳ್ಳುತ್ತ ನಗುತ್ತಿದ್ದಳು.

ಯುದ್ಧನಿಧಿಯ ಸಾಹೇಬರು ಕರಿಬಸಪ್ಪನ ಹೆಸರಿಗೆ ಅಡ್ಡಗೆರೆ ಎಳೆದರು. ಜನ ಏಳತೊಡಗಿದರು. ಆದರೆ ಸಾಹೇಬರು ಏಳಲಿಲ್ಲ. ಅವರ ಕಣ್ಣು ಭೂತಗನ್ನಡಿಯ ಮೇಲೆಯೇ ಇತ್ತು. ಅತ್ತಿತ್ತ ನೋಡಿ, ಕೋಟಿನ ಗುಂಡಿ ಬಿಚ್ಚಿ, ಒಳಗಿಸೆಯಿಂದ ರೇಶಿಮೆಯ ಚೌಕದಲ್ಲಿ ಸುತ್ತಿದ ಒಂದು ನೋಟನ್ನು ಮೆಲ್ಲಗೆ ಹೊರತೆಗೆದರು.

"ಇದು ನಮ್ಮ ತಂದಿಯವರು ಕೊಟ್ಟದ್ದು. ಮಡಚಿಲ್ಲ, ತೊಳದಿಲ್ಲ, ಒಬ್ಬರಿಗೂ ಮುಟ್ಟಗೊಟ್ಟಿಲ್ಲ. ಸುಮ್ನ... ಎಷ್ಟಾಗಬಹುದು?"

ಎದ್ದವರೆಲ್ಲ ಮತ್ತೆ ಕುಳಿತರು. ನಿಯಾಜ ಸಾಹೇಬರು ಒಮ್ಮೆ ನೋಡಿ, ಗಡ್ಡದಲ್ಲಿ ನಕ್ಕು, ಭೂತಗನ್ನಡಿಯನ್ನು ಕರಿಬಸಪ್ಪನ ಕೈಗೆ ಕೊಟ್ಟರು. "ನೀವ ಹೇಳ್ರಿ."

ಕರಿಬಸಪ್ಪ ನೋಟನ್ನು ಬೆಳಕಿಗೆ ಹಿಡಿದ. ಮುಂದೆ ನೋಡಿದ, ಹಿಂದೆ ನೋಡಿದ, ಮೂಸಿದ.

"ಖರೇ ಬೆಲಿ ಹೇಳಲ್ಯಾ, ಸಾಹೇಬ್ರ?"

"ಹೇಳು. ಅಂಜಬ್ಯಾಡ. ಎಷ್ಟಿದ್ರೂ ಹೇಳು."

"ಐದು ರೂಪಾಯಿರಿ."

"ಐದ?"

"ಐದು ರೂಪಾಯಿ ನೋಟರೀ ಇದು. ಈಗೂ ನಡೀತೈತಿ. ಯಾ ಅಂಗಡಿಗೆ ಹೋದರೂ ಐದು ರೂಪಾಯಿ ಸಾಮಾನು ಕೊಡ್ತಾರ."

ಸಾಹೇಬರ ಮುಖ ಬಾಡಿತು. ಗಂಟಲು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: "ಇನ್ನೊಂದು ಇಪ್ಪತ್ತು ವರ್ಷ ಹಿಂಗ ಇಟ್ರ?"

ಕರಿಬಸಪ್ಪ ಭೂತಗನ್ನಡಿಯನ್ನು ಕೆಳಗಿಟ್ಟು, ಬಹಳ ಆಲೋಚಿಸಿ, ಗೌರವದಿಂದ ಹೇಳಿದ:

"ಇಪ್ಪತ್ತು ವರ್ಷ ಹಳೇದಾದ ಐದು ರೂಪಾಯಿ ಆಗತೈತ್ರಿ."

ಸಾಹೇಬರು ನೋಟನ್ನು ರೇಶಿಮೆಯ ಚೌಕದಲ್ಲಿ ಮತ್ತೆ ಸುತ್ತಿಕೊಂಡು, ಸರಸರನೆ ಟಾಂಗಾ ಹತ್ತಿದರು. ಪಟ್ಟಿಯಲ್ಲಿ ಇನ್ನೂ ಮೂವತ್ತೊಂದು ಹೆಸರುಗಳಿದ್ದವು. ಪಟ್ಟಿ ಚಾವಡಿಯ ಮೇಜಿನ ಮೇಲೆಯೇ ಉಳಿಯಿತು. ಸಾಹೇಬರಿಗೆ ಅದು ನೆನಪಾದೀತೆಂದು, ಟಾಂಗಾ ಊರು ದಾಟುವವರೆಗೂ ಆ ಮೂವತ್ತೊಂದು ಜನ ಒಬ್ಬರೂ ಕೆಮ್ಮಲಿಲ್ಲ.